ಬಲಗೆನ್ನೆಗೆ ಜಾಸ್ತಿ ವಯಸ್ಸು

ಮೊದಲು ಹೇಳಿದವನು ಕಟಿಂಗ್ ಶಾಪಿನವನು. ದಾವಣಗೆರೆಯಲ್ಲಿ ಹದಿನೈದು ವರ್ಷದಿಂದ ಅವನ ಹತ್ತಿರಾನೇ ನನ್ನ ಶೇವಿಂಗ್. "ಸಾರ್, ಬಲಗಡೆ ಚರ್ಮ ಎಳೆದು ಹಿಡಿದ್ರೇನೇ ಬ್ಲೇಡ್ ಹೋಗೋದು. ಎಡಗಡೆ ಹಂಗಿಲ್ಲ ನೋಡ್ರಿ" ಅಂದ. ಮನೆಗೆ ಬಂದು ಕನ್ನಡಿ ಮುಂದೆ ನಿಂತೆ. ಬಲಗಣ್ಣಿನ ಅಂಚಲ್ಲಿ ಬೀಸಣಿಗೆ ಬಿಚ್ಚಿಟ್ಟ ಹಾಗೆ ಗೆರೆ, ಕೆನ್ನೆ ಮೇಲೆ ಬಂಗು. ಎಡಗಡೆ ಅದರ ಅರ್ಧಾನೂ ಇರಲಿಲ್ಲ. ನನಗಾಗ 49.

ಬಿತ್ತನೆ ಬೀಜದ ಕಂಪನಿಯಲ್ಲಿ ಸೇಲ್ಸ್ ಕೆಲಸ ನಂದು. ರಾಣೆಬೆನ್ನೂರು, ಹಾವೇರಿ, ಚಿತ್ರದುರ್ಗ ಅಂತ 22 ವರ್ಷ ಕಾರು ಓಡಿಸಿದ್ದೇನೆ. ಆದರೆ ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆಯಲಿಲ್ಲ.

ನೇರ ಚರ್ಮದ ಡಾಕ್ಟರ ಹತ್ತಿರ ಹೋಗಬೇಕಿತ್ತು. ಸುಮ್ನೆ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಟ್ಯೂಬ್ ಕೊಟ್ಟರು. ಎರಡು ವಾರಕ್ಕೆ ಮುಖ ಬೆಳ್ಳಗೆ, ನುಣ್ಣಗೆ. ಖುಷಿಯಲ್ಲಿ ನಾಲ್ಕು ತಿಂಗಳು ಹಚ್ಚಿದೆ. ಒಮ್ಮೆ ಊರಿಗೆ ಹೋಗುವಾಗ ಟ್ಯೂಬ್ ಮರೆತೆ. ಕೆಲವೇ ದಿನಕ್ಕೆ ಮುಖವೆಲ್ಲ ಕೆಂಪು, ಉರಿ. ಆಗ ಡಾಕ್ಟರ ಹತ್ತಿರ ಓಡಿದೆ. ಅವರು ಟ್ಯೂಬ್ ತಿರುಗಿಸಿ ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆ. ಹೀಗೇ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ" ಅಂದರು. ಅದು ಇಳಿಯೋಕೇ ಮೂರು ತಿಂಗಳು ಹಿಡಿಯಿತು.

ಆಮೇಲೆ ಬಲಗೆನ್ನೆಯ ವಿಷಯ ಎತ್ತಿದೆ. "ಕಾರು ಜಾಸ್ತಿ ಓಡಿಸ್ತೀರಾ?" ಅಂತ ಕೇಳಿದರು. ಬಿಸಿಲಲ್ಲಿ ಚರ್ಮ ಸುಡುವ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಬಿಸಿಲಿನ ಇನ್ನೊಂದು ಕಿರಣ ಯುವಿಎ ಹಾಗಲ್ಲ. ಮುಂದಿನ ಗಾಜಿನಲ್ಲಿ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಹೆಚ್ಚಿನದು ಅಲ್ಲೇ ನಿಲ್ಲುತ್ತದೆ. ಪಕ್ಕದ ಕಿಟಕಿಯಲ್ಲಿ ಒಳಗೆ ಬಂದು, ಚರ್ಮದ ಒಳಪದರಕ್ಕಿಳಿದು, ಚರ್ಮವನ್ನು ಬಿಗಿ ಹಿಡಿದಿರುವ ಕೊಲಾಜನ್ ಅನ್ನೋ ಪ್ರೋಟೀನ್ ಕೆಡಿಸುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಫೋಟೋ ತೋರಿಸಿದರು. 2012ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಅಲ್ಲಿ ಸ್ಟೇರಿಂಗ್ ಎಡಗಡೆ ಅಲ್ವಾ? ಅವರ ಎಡಗೆನ್ನೆ ಪೂರ್ತಿ ಜೋತುಬಿದ್ದಿತ್ತು.

ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸೋಣ ಅಂದರೆ ಅದೇ 2012ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದಿತ್ತು. ಉಳಿದದ್ದು ಸನ್‌ಸ್ಕ್ರೀನ್. ಅದರ ಮೇಲೆ ಬರೆದಿರುವ ಎಸ್‌ಪಿಎಫ್ ಅಂಕಿ ಯುವಿಬಿಯ ಲೆಕ್ಕ, ಯುವಿಎಗೆ 'ಪಿಎ' ಪಕ್ಕದ ಪ್ಲಸ್ ಗುರುತು ನೋಡಬೇಕು ಅಂದರು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸಾಕು. ಮೊದಲ ದಿನ ನನ್ನಾಕೆ "ಏನ್ರೀ, ಸುಣ್ಣ ಬಳ್ಕೊಂಡಿದ್ದೀರಾ?" ಅಂದಳು. ಮಧ್ಯಾಹ್ನ ಊಟ ಆದ ಮೇಲೆ ಮುಖ ಒರೆಸಿ ಮತ್ತೆ ಹಚ್ಚುತ್ತೇನೆ.

ರಾತ್ರಿಗೆ ಟ್ರೆಟಿನಾಯಿನ್ ಬರೆದುಕೊಟ್ಟರು, 0.025 ಪರ್ಸೆಂಟ್. ಮೊದಲು ಮೊಡವೆಗೆ ಅಂತ ಬಂದ ಔಷಧಿ. ಹಚ್ಚಿದವರ ಸಣ್ಣ ಸುಕ್ಕುಗಳೂ ತಿಳಿಯಾಗಿದ್ದು ಆಮೇಲೆ ಗಮನಕ್ಕೆ ಬಂತಂತೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡೇ ರಾತ್ರಿ. ನಾನು ಆತುರಕ್ಕೆ ದಿನಾ ಹಚ್ಚಿ ಮೂಗಿನ ಪಕ್ಕ ಸಿಪ್ಪೆ ಎಬ್ಬಿಸಿಕೊಂಡೆ. ಈಗ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಇದು. ನಮ್ಮ ಅಕ್ಕನ ಸೊಸೆ "ಮಾಮ, ನನಗೂ ಸ್ವಲ್ಪ ಕೊಡಿ" ಅಂದಳು. ಅವಳು ಬಸುರಿ. ಬಸುರಿಯರು ಇದನ್ನು ಹಚ್ಚಬಾರದು, ಕೊಡಲಿಲ್ಲ.

ಐದು ತಿಂಗಳವರೆಗೆ ಏನೂ ಕಾಣಲಿಲ್ಲ. ವರ್ಷಕ್ಕೆ ಬಂಗು ತಿಳಿಯಾಯಿತು, ಸಣ್ಣ ಗೆರೆಗಳು ಇಳಿದವು. ಬಾಯಿ ಪಕ್ಕದ ಆಳದ ಗೆರೆ ಹಾಗೇ ಇದೆ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ ಕೆಳಗೆ ಜಾರುತ್ತೆ, ಮುಖದ ಮೂಳೆಯೂ ಸವೆಯುತ್ತೆ, ಅದನ್ನು ಕ್ರೀಮು ಎತ್ತಲ್ಲ ಅಂದರು. ಅಲ್ಲಿಗೆ ಚರ್ಮದಡಿ ತುಂಬುವ ಫಿಲ್ಲರ್ ಇಂಜೆಕ್ಷನ್ ಇದೆ, ಹಣೆಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಇದೆ. ಬೊಟಾಕ್ಸ್ ಮೂರ್ನಾಲ್ಕು ತಿಂಗಳಿಗೆ ಇಳಿಯುತ್ತೆ, ಮತ್ತೆ ಚುಚ್ಚಿಸಬೇಕು. ನನಗೆ ಬೇಡ ಅನ್ನಿಸಿತು.

ಕಟಿಂಗ್ ಶಾಪಿನವನು ಈಗಲೂ ಬಲಗಡೆ ಚರ್ಮ ಎಳೆದೇ ಹಿಡಿಯುತ್ತಾನೆ. ಅವನ ಹತ್ತಿರ ಹೋಗುವ ಹಿಂದಿನ ರಾತ್ರಿ ಮಾತ್ರ ಟ್ರೆಟಿನಾಯಿನ್ ಹಚ್ಚಲ್ಲ. ಹಚ್ಚಿದರೆ ಬ್ಲೇಡ್ ತಾಗಿದಲ್ಲೆಲ್ಲ ಉರಿ.