ಅರ್ಧ ಅಮೆರಿಕ ಹೈಸ್ಕೂಲು, ಅರ್ಧ ಎ ಲೆವೆಲ್: ಅಮೆರಿಕದ ಕಾಲೇಜ್ ಅಪ್ಲಿಕೇಶನ್ ನಾನೇ ಹಾಕಿ ಸೀಟ್ ತಗೊಂಡ ಅನುಭವ

ಮೊದಲೇ ಹೇಳ್ಬಿಡ್ತೀನಿ, ಗ್ರೇಡ್‌ಗಳನ್ನ ಕನ್ವರ್ಟ್ ಮಾಡಿಸೋಕೆ ಹೋಗ್ಬೇಡಿ. ಎ ಲೆವೆಲ್ ಅಂದ್ರೆ ಇಂಗ್ಲೆಂಡಲ್ಲಿ ಸ್ಕೂಲಿನ ಕೊನೇ ಎರಡು ವರ್ಷದ ಕೋರ್ಸು. ಅದರ ಎ ಗ್ರೇಡ್ ಅಂದ್ರೆ ಇಷ್ಟು ಜಿಪಿಎ (ಅಮೆರಿಕದ ಸರಾಸರಿ ಗ್ರೇಡ್ ಲೆಕ್ಕ) ಅಂತ ಯಾರೋ ಬರೆದುಕೊಟ್ಟ ಪೇಪರ್‌ನ ಕಾಲೇಜಿನೋರು ಕೇಳೋದೇ ಇಲ್ಲ. ನಾವು ಒಂದು ಕಡೆ ನೂರೈವತ್ತು ಪೌಂಡ್ ಹತ್ರ ಕೊಟ್ಟು ಮಾಡಿಸಿದ್ವಿ. ಆಮೇಲೆ ಮೂರು ಕಾಲೇಜಿಗೆ ಮೇಲ್ ಮಾಡಿ ಕೇಳಿದ್ರೆ ಮೂರೂ ಕಡೆ ಒಂದೇ ಉತ್ತರ, ನಿಮ್ಮ ಸ್ಕೂಲು ಹೆಂಗೆ ಮಾರ್ಕ್ಸ್ ಕೊಡುತ್ತೋ ಹಂಗೇ ಕಳಿಸಿ ಅಂತ. ಅಲ್ಲಿ ಅಪ್ಲಿಕೇಶನ್ ಓದೋರನ್ನ ದೇಶ, ಪ್ರದೇಶ ಲೆಕ್ಕದಲ್ಲಿ ಹಂಚಿರ್ತಾರೆ, ಬ್ರಿಟನ್ ನೋಡೋರಿಗೆ ಎ ಲೆವೆಲ್ ಅಂದ್ರೆ ಏನು ಅಂತ ಚೆನ್ನಾಗೇ ಗೊತ್ತು.

ನಾನು ಹತ್ತನೇ ಗ್ರೇಡ್ ತನಕ ಕ್ಯಾಲಿಫೋರ್ನಿಯಾದ ಪಬ್ಲಿಕ್ ಹೈಸ್ಕೂಲಲ್ಲಿದ್ದೆ. 2023ರ ಬೇಸಿಗೇಲಿ ಅಪ್ಪನ ಕೆಲಸ ಇಂಗ್ಲೆಂಡಿಗೆ ಹೋಯ್ತು, ಸೀದಾ ಇಯರ್ 12ಕ್ಕೆ (ಎ ಲೆವೆಲ್ ಮೊದಲ ವರ್ಷ) ಸೇರಿ ಮ್ಯಾತ್ಸ್, ಫಿಸಿಕ್ಸ್, ಎಕನಾಮಿಕ್ಸ್ ತಗೊಂಡೆ. ಇಂಗ್ಲೆಂಡಿನೋರು ಹದಿನಾರರ ವಯಸ್ಸಲ್ಲಿ ಬರೆಯೋ ಜಿಸಿಎಸ್ಇ ಪರೀಕ್ಷೆ ಒಂದೂ ಇಲ್ಲ. ನ್ಯೂಜೆರ್ಸಿಲಿರೋ ಚಿಕ್ಕಪ್ಪ ಅಂತೂ ಅಪ್ಪನಿಗೆ ಫೋನ್ ಮಾಡಿ, "ಅಣ್ಣಾ, ಅವಳನ್ನ ನಮ್ಮನೇಲೇ ಬಿಡು, ಹನ್ನೆರಡು ಇಲ್ಲೇ ಮುಗಿಸ್ಲಿ, ಮೂರೇ ಸಬ್ಜೆಕ್ಟ್ ಓದ್ಕೊಂಡು ಬಂದ್ರೆ ಯಾವ ಕಾಲೇಜು ತಗೊಳುತ್ತೆ" ಅಂದಿದ್ರು. ಕನ್ಸಲ್ಟೆಂಟ್ ಒಬ್ಬರು ಇದು ಕಷ್ಟದ ಕೇಸು ಅಂತ ಹೇಳಿ ನಾಲ್ಕು ಸಾವಿರ ಪೌಂಡ್ ಕೇಳಿದ್ರು. ಕೊಡಲಿಲ್ಲ, ಎಲ್ಲಾ ನಾನೇ ಮಾಡಿದೆ.

ಇಂಗ್ಲೆಂಡಲ್ಲೇ ಓದಬಹುದಿತ್ತಲ್ಲ ಅಂತ ಕೇಳ್ತೀರಿ. ನಮ್ದು ವರ್ಕ್ ವೀಸಾ, ಅಲ್ಲಿನೋರಿಗಿರೋ ಕಮ್ಮಿ ಹೋಮ್ ಫೀ ಸಿಗಲ್ಲ, ಓವರ್‌ಸೀಸ್ ಫೀನೇ ಕಟ್ಟಬೇಕು. ಆದ್ರೂ ಬ್ರಿಟನ್ ಯೂನಿವರ್ಸಿಟಿಗಳಿಗೆ ಅಪ್ಲೈ ಮಾಡೋ ಯೂಕ್ಯಾಸ್‌ನಲ್ಲೂ ಹಾಕಿಟ್ಟೆ, ಇಪ್ಪತ್ತೆಂಟು ಪೌಂಡ್ ಚಿಲ್ಲರೆ ಅಷ್ಟೇ. ಇತ್ತ ಕ್ಯಾಲಿಫೋರ್ನಿಯಾ ಬಿಟ್ಟ ಮೇಲೆ ಆ ರಾಜ್ಯದೋರಿಗಿರೋ ಕಮ್ಮಿ ಇನ್-ಸ್ಟೇಟ್ ಫೀನೂ ಕೈತಪ್ಪಿತು. ಯುಸಿಗಳಲ್ಲಿ (ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳು) ಹೊರಗಿನೋರಿಗೆ ಮಾಮೂಲಿ ಫೀ ಮೇಲೆ ವರ್ಷಕ್ಕೆ 37 ಸಾವಿರ ಡಾಲರ್‌ಗಿಂತ ಜಾಸ್ತಿ ಬೀಳುತ್ತೆ, ಏಡ್ (ಓದೋಕೆ ಕೊಡೋ ಸಹಾಯಧನ) ಸಿಗೋದೂ ಅಷ್ಟಕ್ಕಷ್ಟೇ. ಉಳಿದಿದ್ದು ನೀಡ್ ನೋಡಿ ದುಡ್ಡು ಕೊಡೋ ಪ್ರೈವೇಟ್ ಕಾಲೇಜುಗಳು. ನಾನು ಹುಟ್ಟಿದ್ದು ಅಮೆರಿಕದಲ್ಲಿ, ಸಿಟಿಜನ್ ಆಗಿದ್ರೆ ಬೇರೆ ದೇಶದಲ್ಲಿ ಓದ್ತಿದ್ರೂ ಏಡ್ ವಿಷಯಕ್ಕೆ ನಿಮ್ಮನ್ನ ಡೊಮೆಸ್ಟಿಕ್ ಅಂತಾನೇ ನೋಡ್ತಾರೆ. ನಮ್ಮೋರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಇಂಟರ್‌ನ್ಯಾಷನಲ್ ಲಿಸ್ಟ್ ನೋಡಿ ಸುಮ್ಮನೆ ಹೆದರ್ತಾರೆ.

ಇನ್ನು ಪೇಪರ್ ಕೆಲಸ. ನಮ್ಮ ಸಿಕ್ಸ್ತ್ ಫಾರ್ಮ್‌ಗೆ (ಎ ಲೆವೆಲ್ ನಡೆಸೋ ಸ್ಕೂಲ್ ವಿಭಾಗ) ಯೂಕ್ಯಾಸ್ ಬಿಟ್ಟು ಬೇರೆ ಏನೂ ಮಾಡಿ ಅಭ್ಯಾಸ ಇರಲಿಲ್ಲ. ಸ್ಕೂಲಿನ ಪದ್ಧತಿ ವಿವರಿಸಿ ಕಾಲೇಜಿಗೆ ಕಳಿಸೋ ಸ್ಕೂಲ್ ಪ್ರೊಫೈಲ್ ಅಂದ್ರೆ ಏನು ಅಂತಾನೇ ಅವರಿಗೆ ಗೊತ್ತಿಲ್ಲ. ಬೇರೆ ಬ್ರಿಟಿಷ್ ಸ್ಕೂಲುಗಳ ಪ್ರೊಫೈಲ್ ನೋಡಿ ಒಂದು ಪುಟದ ಮಾದರಿ ಮಾಡಿಕೊಟ್ಟೆ, ಹೆಡ್ ಆಫ್ ಸಿಕ್ಸ್ತ್ ಫಾರ್ಮ್ ಕೂತು ತುಂಬಿದ್ರು: ಇಲ್ಲಿ ಮೂರು ಸಬ್ಜೆಕ್ಟ್ ತಗೊಳೋದೇ ರೂಢಿ, ಜಿಪಿಎ ಇಲ್ಲ, ರ್‍ಯಾಂಕ್ ಇಲ್ಲ, ಇಯರ್ 12ರ ಕೊನೇಲಿ ಬೋರ್ಡ್ ಎಕ್ಸಾಮ್ ಇಲ್ಲ, ಪ್ರೆಡಿಕ್ಟೆಡ್ ಗ್ರೇಡ್ (ಟೀಚರ್ ಮೊದಲೇ ಅಂದಾಜು ಮಾಡೋ ಗ್ರೇಡ್) ಹೆಂಗೆ ಕೊಡ್ತೀವಿ, ಫೈನಲ್ ರಿಸಲ್ಟ್ ಆಗಸ್ಟ್ ಮಧ್ಯದಲ್ಲಿ ಬರುತ್ತೆ. ಕೊನೆಗೆ ಇನ್ನೊಂದು ಪ್ಯಾರಾ ಹಾಕಿಸಿದೆ, ನನ್ನ ಕೇಸಲ್ಲಿ ಜಾಸ್ತಿ ಕೆಲಸ ಮಾಡಿದ್ದು ಅದೇ, ಅದನ್ನ ಮಾತ್ರ ಇಲ್ಲಿ ಹಾಕಲ್ಲ, ನನ್ನ ತಮ್ಮ ಇನ್ನೂ ಅಪ್ಲೈ ಮಾಡೋದಿದೆ.

ರೆಕಮೆಂಡೇಶನ್ ಲೆಟರ್ ಇನ್ನೊಂದು ತಲೆನೋವು. ಯೂಕ್ಯಾಸ್ ರೆಫರೆನ್ಸ್‌ಲಿ ಸಬ್ಜೆಕ್ಟ್, ಗ್ರೇಡ್ ಇಷ್ಟೇ, ಅಮೆರಿಕದೋರಿಗೆ ಈ ಹುಡುಗಿ ಕ್ಲಾಸಲ್ಲಿ ಹೆಂಗಿರ್ತಾಳೆ ಅನ್ನೋದು ಬೇಕು. ಫಿಸಿಕ್ಸ್ ಟೀಚರಿಗೆ ಒಂದು ಹಾಳೆ ಬರೆದುಕೊಟ್ಟೆ, ಯಾವ ಪ್ರಾಕ್ಟಿಕಲಲ್ಲಿ ರೀಡಿಂಗ್ ತಪ್ಪು ಬಂತು, ನಾನು ಯಾವ ವೈರ್ ಬದಲಾಯಿಸಿ ಮತ್ತೆ ತೆಗೆದೆ, ಆ ಥರದ್ದು. ಅವರು ಏನು ಬರೆದ್ರೋ ನಾನು ಓದಿಲ್ಲ, ಓದೋ ಹಕ್ಕು ಬಿಟ್ಟುಕೊಡ್ತೀನಿ ಅಂತ, ಹಲವು ಅಮೆರಿಕ ಕಾಲೇಜಿಗೆ ಒಂದೇ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಟಿಕ್ ಮಾಡಿದ್ದೆ, ನೀವೂ ಮಾಡಿ.

ಡಿಸೆಂಬರಲ್ಲಿ ಅರ್ಲಿ ಡಿಸಿಶನ್ (ಸಿಕ್ರೆ ಅಲ್ಲೇ ಸೇರ್ತೀನಿ ಅಂತ ಒಪ್ಪಿ ಮೊದಲೇ ಹಾಕೋ ಅರ್ಜಿ) ಹಾಕಿದ್ದ ಕಾಲೇಜು ರಿಜೆಕ್ಟ್ ಮಾಡ್ತು. ಮನೇಲಿ ಮತ್ತೆ ಚಿಕ್ಕಪ್ಪನ ಮಾತು ಶುರು. ರೆಗ್ಯುಲರ್‌ಗೆ ಹತ್ತು ಹನ್ನೆರಡು ಕಾಲೇಜಿಗೆ ಹಾಕಿದೆ. ಜನವರೀಲಿ ಎರಡು ಕಾಲೇಜಿನ ಪೋರ್ಟಲ್‌ಲಿ ಟ್ರಾನ್ಸ್‌ಕ್ರಿಪ್ಟ್ (ಸ್ಕೂಲಿನ ಮಾರ್ಕ್ಸ್ ದಾಖಲೆ) ಬಂದಿಲ್ಲ ಅಂತಾನೇ ತೋರಿಸ್ತಿತ್ತು, ಸ್ಕೂಲಿನೋರು ಕಳಿಸಿದ್ದೀವಿ ಅಂತಾರೆ, ಕಾಲೇಜಿನೋರು ಇಲ್ಲ ಅಂತಾರೆ, ವಾರಗಟ್ಟಲೆ ಮೇಲ್ ಆಯ್ತು. ಕೊನೆಗೆ ನೋಡಿದ್ರೆ ಹುಟ್ಟಿದ ದಿನ! ನಂದು ಮಾರ್ಚ್ 5, ಇಂಗ್ಲೆಂಡಿನ ಪದ್ಧತೀಲಿ 05/03 ಅಂತ ಹಾಕಿದ್ರು, ಅಮೆರಿಕದಲ್ಲಿ ಅದು ಮೇ 3, ಫೈಲ್ ನನ್ನ ಹೆಸರಿಗೆ ಮ್ಯಾಚೇ ಆಗಿಲ್ಲ. ತಿಂಗಳನ್ನ ಅಕ್ಷರದಲ್ಲಿ ಬರೆಸಿ ಮತ್ತೆ ಕಳಿಸಿದ ಮೇಲೆ ಎರಡು ದಿನದಲ್ಲಿ ಸರಿಹೋಯ್ತು. ಹಳೇ ಹೈಸ್ಕೂಲಿನ ಒಂಬತ್ತು, ಹತ್ತರ ಟ್ರಾನ್ಸ್‌ಕ್ರಿಪ್ಟ್‌ನೂ ಅಲ್ಲಿಂದಲೇ ನೇರ ತರಿಸಿ, ಹೊಸ ಸ್ಕೂಲಿನೋರು ಕಾಪಿ ಹಾಕಿದ್ರೆ ಸಾಲದು.

ದುಡ್ಡಿನ ಫಾರ್ಮ್ ಇನ್ನೂ ಗೋಜಲು. 2025-26ರ ಫಾಫ್ಸಾ (ಅಮೆರಿಕ ಸರ್ಕಾರದ ಏಡ್ ಫಾರ್ಮ್) ಮತ್ತು ಸಿಎಸ್ಎಸ್ ಪ್ರೊಫೈಲ್ (ಹಲವು ಪ್ರೈವೇಟ್ ಕಾಲೇಜುಗಳು ಕೇಳೋ ಏಡ್ ಫಾರ್ಮ್) ಕೇಳಿದ್ದು 2023ರ ಆದಾಯ. ನಮ್ಗೆ ಆ ವರ್ಷ ಅರ್ಧ ಡಾಲರ್, ಅರ್ಧ ಪೌಂಡ್. ಬ್ರಿಟನ್ ಟ್ಯಾಕ್ಸ್ ವರ್ಷ ಏಪ್ರಿಲ್ 6ಕ್ಕೆ ಶುರು, ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತೆ, ಹಂಗಾಗಿ ಅಪ್ಪನ ಪಿ60 (ಆ ವರ್ಷದ ಸಂಬಳ, ಟ್ಯಾಕ್ಸ್ ಲೆಕ್ಕದ ಚೀಟಿ) ಹಂಗೇ ಹಾಕಿದ್ರೆ 2024ರ ಮೂರು ತಿಂಗಳ ಸಂಬಳನೂ ಸೇರಿಬಿಡುತ್ತೆ. ಡಿಸೆಂಬರ್ ತನಕದ ಪೇಸ್ಲಿಪ್ ಒಂದೊಂದೇ ಕೂಡಿಸಿ, ಯಾವ ರೇಟಲ್ಲಿ ಡಾಲರ್ ಮಾಡಿದೆ ಅಂತ ಬರೆದು ಜೊತೇಲಿಟ್ಟೆ. ಒಂದು ಏಡ್ ಆಫೀಸಿನೋರು ಇಷ್ಟು ಕ್ಲೀನಾಗಿ ಯಾರೂ ಕಳಿಸಲ್ಲ ಅಂದ್ರು, ಅದು ನಂಗೆ ಹೆಮ್ಮೆನೇ. ಸಿಎಸ್ಎಸ್‌ಗೆ ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಎಸ್ಎಟಿ (ಅಮೆರಿಕದ ಕಾಲೇಜ್ ಪ್ರವೇಶ ಪರೀಕ್ಷೆ) ಅಮೆರಿಕದ ಹೊರಗೆ ಬರೆದ್ರೆ ಹತ್ರಹತ್ರ 110 ಡಾಲರ್. ಅಪ್ಲಿಕೇಶನ್ ಫೀ 75, 80 ಇರೋ ಕಡೆ ಎಷ್ಟು ಬೇಕೋ ಅಷ್ಟೇ ಹಾಕಿ, ಒಳ್ಳೊಳ್ಳೆ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಫೀನೇ ಇಲ್ಲ. ಒಟ್ಟು ಸಾವಿರ ಡಾಲರ್ ಒಳಗೇ ಮುಗೀತು.

ಮಧ್ಯದಲ್ಲಿ ಒಂದು ಪ್ರಯೋಗ ಮಾಡಿದ್ದೆ, 2024ರ ಮೇನಲ್ಲಿ ಎಪಿ (ಅಮೆರಿಕದ ಹೈಸ್ಕೂಲಿನೋರು ಬರೆಯೋ ಕಾಲೇಜ್ ಮಟ್ಟದ ಪರೀಕ್ಷೆ) ಯುಎಸ್ ಹಿಸ್ಟರಿ ಪ್ರೈವೇಟಾಗಿ ಬರೆದೆ. ಹನ್ನೊಂದನೇ ಗ್ರೇಡಿನ ಹಿಸ್ಟರಿ ನಂಗೆ ಮಿಸ್ ಆಗಿತ್ತಲ್ಲ, ಆ ಖಾಲಿ ಜಾಗ ತುಂಬೋಣ ಅಂತ. ಸೆಂಟರ್ ಚಾರ್ಜ್ ಸೇರಿ ಇನ್ನೂರು ಪೌಂಡ್ ಆಯ್ತು, 5ಕ್ಕೆ 4 ಬಂತು. ಎಲ್ಲರಿಗೂ ಬೇಕಂತಿಲ್ಲ. ಎಸ್ಎಟಿ 1600ಕ್ಕೆ 1510, ಮ್ಯಾತ್ಸಲ್ಲಿ ಡೆಸ್ಮಾಸ್ ಕ್ಯಾಲ್ಕುಲೇಟರ್ ಇಟ್ಕೊಂಡು ಟೈಮ್ ಉಳಿಸೋ ದಾರಿ ಒಂದಿದೆ, ಅದೂ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಮಾರ್ಚ್ ಕೊನೇಲಿ ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಕಾಲೇಜಿಂದ ಅಡ್ಮಿಟ್ ಬಂತು, ವರ್ಷಕ್ಕೆ 90 ಸಾವಿರ ಡಾಲರ್ ಹತ್ರದ ಖರ್ಚಿಗೆ ಅರವತ್ತು ಚಿಲ್ಲರೆ ಸಾವಿರ ಗ್ರಾಂಟ್, ಸಾಲ ಅಲ್ಲ. ಇನ್ನೊಂದು ಕಡೇನೂ ಬಂದಿತ್ತು, ಗ್ರಾಂಟ್ ಕಮ್ಮಿ. ಫೈನಲ್ ಟ್ರಾನ್ಸ್‌ಕ್ರಿಪ್ಟ್ ಜುಲೈಗೇ ಬೇಕು ಅಂತ ಕಾಲೇಜು ಹೇಳುತ್ತೆ, ಎ ಲೆವೆಲ್ ರಿಸಲ್ಟ್ ಬಂದಿದ್ದು 2025ರ ಆಗಸ್ಟ್ 14ಕ್ಕೆ. ಮೇ ತಿಂಗಳಲ್ಲೇ ಸ್ಕೂಲಿಂದ ಒಂದು ಲೆಟರ್ ಕಳಿಸಿ ಟೈಮ್ ತಗೊಳ್ಳಿ, ಕೊಡ್ತಾರೆ. ರಿಸಲ್ಟ್ ಬಂದ ದಿನವೇ ಸ್ಕ್ಯಾನ್ ಮಾಡಿ ರಿಜಿಸ್ಟ್ರಾರ್‌ಗೆ ಕಳಿಸಿದೆ. ಮ್ಯಾತ್ಸ್ ಎ ಸ್ಟಾರ್‌ಗೆ ಕ್ಯಾಲ್ಕುಲಸ್ ಮೊದಲ ಕೋರ್ಸಿನ ಕ್ರೆಡಿಟ್ ಸಿಕ್ತು, ಈಗ ಸೀದಾ ಮಲ್ಟಿವೇರಿಯಬಲ್‌ನಲ್ಲಿದ್ದೀನಿ.