ಗದಗಿನ ಪ್ರೆಸ್ಸಿನಲ್ಲಿ ವಿಂಡೋಸ್ 10 ಬಿಡಿಸಿದ್ದು: ನನ್ನ ಅನುಭವ

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅಂದರೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು. ಆ ಹೊತ್ತಿಗೆ ಎಲ್ಲರೂ ಮಾತಾಡಿದ್ದು ವಿಂಡೋಸ್ 11 ಕೇಳುವ ಟಿಪಿಎಂ ಅನ್ನುವ ಸೆಕ್ಯುರಿಟಿ ಚಿಪ್ ಬಗ್ಗೆ, ಹಳೆ ಪ್ರೊಸೆಸರ್ ಬಗ್ಗೆ, ಇ-ಕಸದ ಬಗ್ಗೆ. ಅದೆಲ್ಲ ಸರಿ. ಆದರೆ ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ನನ್ನ ಗಿರಾಕಿಗಳಲ್ಲಿ ಜಾಸ್ತಿ ಜನ ಡಿಟಿಪಿ, ಝೆರಾಕ್ಸ್, ಸಣ್ಣ ಪ್ರೆಸ್ ನಡೆಸುವವರು. ಇವರನ್ನು ಹಳೆ ವಿಂಡೋಸ್‌ಗೆ ಕಟ್ಟಿಹಾಕಿರುವುದು ಇವರ ಹಳೆ ಫೈಲುಗಳು. ಇಪ್ಪತ್ತು ವರ್ಷದಿಂದ ಕೂಡಿಟ್ಟ ಕನ್ನಡ ಫೈಲುಗಳು. ಗದಗಿನ ಒಂದು ಪ್ರೆಸ್ಸಿನಲ್ಲಿ ಈ ಗಂಟನ್ನು ಹೇಗೆ ಬಿಡಿಸಿದೆ, ಎಲ್ಲಿ ಬಿಡಿಸಲು ಆಗಲಿಲ್ಲ ಅಂತ ಬರೆಯುತ್ತಿದ್ದೇನೆ.

ಗದಗ ಮೊದಲಿಂದಲೂ ಪ್ರಿಂಟಿಂಗಿಗೆ ಹೆಸರಾದ ಊರು. ಈ ಪ್ರೆಸ್ ದೊಡ್ಡದೇನಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಪೋಸ್ಟರ್, ಸೊಸೈಟಿಗಳ ವಾರ್ಷಿಕ ವರದಿ, ಇಷ್ಟೇ. ನಾಲ್ಕು ಕಂಪ್ಯೂಟರ್, ಎಲ್ಲವೂ ಇಂಟೆಲ್ 4ನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, ಹಳೆ ಹಾರ್ಡ್ ಡಿಸ್ಕ್. ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದು 8ನೇ ತಲೆಮಾರಿನಿಂದ ಈಚೆಗೆ. ಅಂದರೆ 2017ರ ಶುರುವಿನಲ್ಲಿ ಅಂಗಡಿಯಿಂದ ಹೊಚ್ಚ ಹೊಸದಾಗಿ ತಂದ 7ನೇ ತಲೆಮಾರಿನ ಯಂತ್ರಗಳೂ, ಒಂದೆರಡು ಮಾದರಿ ಬಿಟ್ಟರೆ, ಪಟ್ಟಿಯಿಂದ ಹೊರಗೆ. ನಮ್ಮ 4ನೇ ತಲೆಮಾರಿನ ಮಾತು ಬಿಡಿ.

ಮಾಲೀಕರನ್ನು ನಾನು ಕಾಕಾ ಅಂತಲೇ ಕರೆಯುವುದು. ಸ್ಕ್ರೀನ್ ಮೇಲೆ ಬಂದ ನೋಟಿಸ್ ತೋರಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೋ ತಮ್ಮಾ, ಕೆಟ್ಟಿಲ್ಲ, ಸುಟ್ಟಿಲ್ಲ, ದಿನಾ ಕೆಲಸ ಮಾಡತೈತಿ. ಮತ್ಯಾಕ ಬಿಸಾಕಬೇಕು ಇದನ್ನ?"

ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಟಿಪಿಎಂ 2.0, ಸೆಕ್ಯೂರ್ ಬೂಟ್ (ಯಂತ್ರ ಶುರುವಾಗುವಾಗಲೇ ಸಾಫ್ಟ್‌ವೇರ್ ಅಸಲಿಯೋ ಅಂತ ನೋಡುವ ತಪಾಸಣೆ) ಇವು ಸುಮ್ನೆ ಹೇಳುವ ನೆಪ ಅಂತ ನಾನು ಹೇಳುವುದಿಲ್ಲ. ಡಿಸ್ಕ್ ಲಾಕ್ ಮಾಡುವ ಕೀಲಿಯನ್ನು ಬೇರೆ ಚಿಪ್ಪಿನಲ್ಲಿ ಇಡುವುದು ಲ್ಯಾಪ್‌ಟಾಪ್ ಕಳೆದುಕೊಳ್ಳುವವರಿಗೆ ನಿಜಕ್ಕೂ ಉಪಯೋಗ. ಆದರೆ ಪ್ರೆಸ್ಸಿನ ಮೂಲೆಯಲ್ಲಿ ಹತ್ತು ವರ್ಷದಿಂದ ಕದಲದೆ ಕೂತ ಡೆಸ್ಕ್‌ಟಾಪಿಗೆ ಅದೇ ನಿಯಮ ಹಾಕಿದರೆ ಹೇಗೆ? ಇದರ ಮೇಲೆ ಈಗ ಎಐ ಪಿಸಿ ಅಂತ ಹೊಸ ಮಾತು ಬೇರೆ. 2024ರ ಮೇ ತಿಂಗಳಲ್ಲಿ ಬಂದ ಕೋಪೈಲಟ್ ಪ್ಲಸ್ ಪಿಸಿಗೆ ಕನಿಷ್ಠ 16 ಜಿಬಿ ರ್‍ಯಾಮ್ ಬೇಕು, ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ, ಎಐ ಕೆಲಸಕ್ಕೆಂದೇ ಇರುವ ಎನ್‌ಪಿಯು ಬೇಕು. "ನಮ್ಮಲ್ಲಿ ಲಗ್ನ ನಿಶ್ಚಯಿಸಿದೆ" ಅಂತ ಟೈಪ್ ಮಾಡಲು ಅಷ್ಟು ಲೆಕ್ಕ ಯಾಕೆ ಬೇಕು ಅಂತ ನನಗಂತೂ ಗೊತ್ತಾಗಿಲ್ಲ.

ಹೊಸದನ್ನೇ ತೆಗೆದುಕೊಳ್ಳೋಣ ಅಂದರೂ ಕಾಲ ಸರಿಯಿಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಎಳೆದುಕೊಂಡು, 2025ರ ಕೊನೆಗೆ ರ್‍ಯಾಮ್ ರೇಟು ಮೇಲೆ ಹತ್ತಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂದಿತು. ನಮ್ಮಂಥ ಸಣ್ಣ ರಿಪೇರಿಯವರು ಕಣ್ಣು ಮುಚ್ಚಿ ಹಾಕುತ್ತಿದ್ದ ರ್‍ಯಾಮ್ ಅದು. ಮಾಮೂಲಿ ಜನಕ್ಕೆ ಮಾರುವುದಕ್ಕಿಂತ ಡೇಟಾ ಸೆಂಟರಿಗೆ ಮಾರುವುದೇ ಲಾಭ ಅಂತ ಲೆಕ್ಕ ಹಾಕಿದರು, ಅಷ್ಟೇ.

ಇನ್ನೊಂದು ದಾರಿ ಇತ್ತು. ರೂಫಸ್ ಥರದ ಸಾಫ್ಟ್‌ವೇರ್ ಬಳಸಿ, ಟಿಪಿಎಂ ತಪಾಸಣೆ ದಾಟಿಸಿ ವಿಂಡೋಸ್ 11 ಕೂರಿಸುವುದು. ಸುಮಾರು ಜನ ಮಾಡುತ್ತಾರೆ. ನಾನು ಅಂಗಡಿಯ ಯಂತ್ರಕ್ಕೆ ಮಾಡುವುದಿಲ್ಲ. ಹಾಗೆ ಕೂರಿಸಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತೆ ಅನ್ನುವ ಖಾತ್ರಿಯನ್ನು ಮೈಕ್ರೋಸಾಫ್ಟೇ ಕೊಡುವುದಿಲ್ಲ, ಇನ್ನು ನಾನು ಹೇಗೆ ಕೊಡಲಿ? ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಯೂ ಇತ್ತು, 2026ರ ಅಕ್ಟೋಬರ್ 13ರ ತನಕ. ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ ಸಿಂಕ್ ಮಾಡಿದರೆ ಪುಕ್ಕಟೆ, ಇಲ್ಲವಾದರೆ 30 ಡಾಲರ್. ಮನೆಯ ಕಂಪ್ಯೂಟರಿಗಾದರೆ ಅದನ್ನೇ ಮಾಡಿಕೊಳ್ಳಿ ಅಂತ ಎಷ್ಟೋ ಜನಕ್ಕೆ ಹೇಳಿದ್ದೇನೆ. ಕಾಕಾರ ಪ್ರೆಸ್ಸಿಗೆ ಅದು ಒಂದು ವರ್ಷ ಮುಂದೂಡಿದ ಹಾಗೆ ಆಗುತ್ತಿತ್ತು, ಬೇರೇನೂ ಇಲ್ಲ.

ಹಾಗಾಗಿ ಲಿನಕ್ಸ್ ಮಿಂಟ್ ಕಡೆ ಹೋದೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಅದು. ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ. ಹಗುರ ಇದೆ, ಕೆಳಗೆ ಟಾಸ್ಕ್‌ಬಾರ್, ಎಡಗಡೆ ಮೆನು ಇರುವುದರಿಂದ ಯಾರೂ ಗಾಬರಿ ಆಗುವುದಿಲ್ಲ, 2029ರ ತನಕ ಅಪ್‌ಡೇಟ್ ಬರುತ್ತೆ.

ಮೊದಲು ಹಾರ್ಡ್‌ವೇರ್. ಕ್ಯಾಬಿನೆಟ್ ತೆಗೆದರೆ ನಮ್ಮ ಎರೆ ಸೀಮೆಯ ಧೂಳು ಮತ್ತು ಪೇಪರ್ ಕತ್ತರಿಸುವ ಮೆಷಿನ್ನಿನ ಹೊಟ್ಟು ಎರಡೂ ಸೇರಿ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿ ಥರ ಕೂತಿತ್ತು. ಅದರ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ. ಬ್ಲೋವರ್ ಹೊಡೆದು, ಪೇಸ್ಟ್ ಬದಲಾಯಿಸಿ, ಕೊಪ್ಪೀಕರ ರಸ್ತೆಯಿಂದ ತಂದ 256 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿದೆ. ಸೆಕೆಂಡ್ ಹ್ಯಾಂಡ್ ಡಿಡಿಆರ್3 ಹುಡುಕಿ ರ್‍ಯಾಮ್ 8 ಜಿಬಿ ಮಾಡಿದೆ. ಹಳೆ ಯಂತ್ರ ನಿಧಾನ ಅನ್ನುವವರಿಗೆ ನಾನು ಯಾವಾಗಲೂ ಹೇಳುವ ಮಾತು ಇದು: ಮುಕ್ಕಾಲು ಪಾಲು ನಿಧಾನ ಹಾರ್ಡ್ ಡಿಸ್ಕಿನದು, ಪ್ರೊಸೆಸರಿನದಲ್ಲ. ಇನ್ನೊಂದು, ಮದರ್‌ಬೋರ್ಡ್ ಮೇಲಿನ ಸಿಆರ್ 2032 ಸೆಲ್ ಬದಲಾಯಿಸಿ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತೆ, ತಾರೀಖು ತಪ್ಪಿದರೆ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ. ಗಿರಾಕಿ ಫೋನ್ ಮಾಡಿ "ನೆಟ್ ಬಂದ್ ಆಗೇತ್ರೀ" ಅಂತಾರೆ, ಕೆಟ್ಟಿದ್ದು ಒಂದು ಬಟನ್ ಸೆಲ್.

ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ, ಡಿಸ್ಕಿಗೆ ಕೈ ಹಚ್ಚುವ ಮೊದಲೇ ನೆಟ್, ಸೌಂಡ್, ಪ್ರಿಂಟರ್ ನೋಡಿಕೊಂಡೆ. ನೆಟ್ ಬಂತು. ಪ್ರಿಂಟರ್ ಬರಲಿಲ್ಲ. ನಮ್ಮ ಕಡೆ ಯಾವ ಝೆರಾಕ್ಸ್ ಅಂಗಡಿಗೆ ಹೋದರೂ ಕಾಣುವ ಸಣ್ಣ ಲೇಸರ್ ಪ್ರಿಂಟರ್ ಅದು, ವರ್ಷಗಟ್ಟಲೆ ಬಾಳುತ್ತೆ, ಟೋನರ್ ತುಂಬಿಸುವುದೂ ಅಗ್ಗ. ಆದರೆ ಇಂಥ ಅಗ್ಗದ ಪ್ರಿಂಟರಿನಲ್ಲಿ ಸ್ವಂತ ಬುದ್ಧಿ ಇರುವುದಿಲ್ಲ. ಪೂರ್ತಿ ಪುಟವನ್ನು ಚುಕ್ಕಿ ಚುಕ್ಕಿಯಾಗಿ ಕಂಪ್ಯೂಟರೇ ತಯಾರು ಮಾಡಿ ಕಳಿಸಬೇಕು, ಅದೂ ಆ ಕಂಪನಿಯದೇ ಗುಟ್ಟಿನ ಭಾಷೆಯಲ್ಲಿ. ಡ್ರೈವರ್ ಇಲ್ಲ ಅಂದರೆ ಅದು ಡಬ್ಬಿ. ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಅನ್ನುವ, ಎಲ್ಲರಿಗೂ ಗೊತ್ತಿರುವ ಪ್ರಿಂಟರ್ ಭಾಷೆ ತಿಳಿಯುವ ಪ್ರಿಂಟರ್ ಆಗಿದ್ದರೆ ಈ ರಗಳೆಯೇ ಇಲ್ಲ. ಮುಂದೆ ಯಾರಾದರೂ ಪ್ರಿಂಟರ್ ತೆಗೆದುಕೊಳ್ಳುವಾಗ ಇದೊಂದನ್ನು ಕೇಳಿಕೊಳ್ಳಿ. ಜಾಲತಾಣದಲ್ಲಿ ಸಿಗುವ ಡ್ರೈವರ್‌ಗಳ ಜೊತೆ ಗುದ್ದಾಡುವ ಬದಲು, ಅದನ್ನು ವಿಂಡೋಸಿನಲ್ಲೇ ಉಳಿಯುವ ಒಂದು ಯಂತ್ರಕ್ಕೆ ಸಿಕ್ಕಿಸಿಬಿಟ್ಟೆ.

ಹೌದು, ಒಂದು ಯಂತ್ರ ವಿಂಡೋಸ್ 10ರಲ್ಲೇ ಉಳಿಯಿತು. ಯಾಕೆ ಅನ್ನುವುದೇ ಈ ಕಥೆಯ ಮುಖ್ಯ ಭಾಗ.

ಪ್ರೆಸ್ಸಿನ ಹಳೆ ಕೆಲಸ ಅಷ್ಟೂ ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿದೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಮೇಲೆ ಅಡೋಬಿಯವರು ಅದನ್ನು ಕೈಬಿಟ್ಟು ಇನ್‌ಡಿಸೈನ್ ಹಿಡಿದರು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿ ಅದಕ್ಕೆ ಗೊತ್ತೇ ಇಲ್ಲ. ಅಲ್ಲಿರುವ ಕನ್ನಡವೆಲ್ಲ "ನುಡಿ" ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಆಸ್ಕಿ ಫಾಂಟಿನದು. ಆ ಫಾಂಟು ಏನು ಮಾಡುತ್ತೆ ಅಂದರೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಇಡುತ್ತೆ. "ಕನ್ನಡ" ಅಂತ ಬರೆದ ಫೈಲನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಿ. ಮೊದಲು ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೀರಿರುವ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ಗುರುತು! ನಮ್ಮ "ನ" ಅಕ್ಷರದ ಅರ್ಧ ಭಾಗ ಆ ಪೌಂಡ್ ಗುರುತಿನ ಮನೆಯಲ್ಲಿ ಬಾಡಿಗೆಗೆ ಕೂತಿದೆ. ಕಂಪ್ಯೂಟರಿನ ಪಾಲಿಗೆ ಆ ಫೈಲಿನಲ್ಲಿ ಕನ್ನಡವೇ ಇಲ್ಲ. ಹುಡುಕಿದರೆ ಸಿಗುವುದಿಲ್ಲ, ಮೊಬೈಲಿಗೆ ಕಳಿಸಿದರೆ ಓದಲು ಬರುವುದಿಲ್ಲ.

ಆಗ ಬೇರೆ ದಾರಿ ಇರಲಿಲ್ಲ ಅನ್ನುವುದೂ ನಿಜ. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ 1991ರಿಂದಲೇ ಇತ್ತು, ಆದರೆ ಅದನ್ನು ಸರಿಯಾಗಿ ತೋರಿಸುವ ಡಿಟಿಪಿ ಸಾಫ್ಟ್‌ವೇರ್ ನಮ್ಮ ಅಂಗಡಿಗಳಿಗೆ ಮುಟ್ಟುವ ಹೊತ್ತಿಗೆ ಜನ ಆಸ್ಕಿಗೆ ಒಗ್ಗಿಹೋಗಿದ್ದರು. ಈಗ ನುಡಿಯಲ್ಲೇ ಯುನಿಕೋಡ್ ಇದೆ. ಆದರೂ ಎಷ್ಟೋ ಪ್ರೆಸ್ಸಿನಲ್ಲಿ ಇವತ್ತಿಗೂ ಹೊಸ ಮ್ಯಾಟರನ್ನು ಆಸ್ಕಿಯಲ್ಲೇ ಹೊಡೆಯುತ್ತಾರೆ. ಇದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತೆ.

ಹಳೆ ಮ್ಯಾಟರ್ ಪರಿವರ್ತಿಸಲು ಪುಕ್ಕಟೆ ಕನ್ವರ್ಟರ್‌ಗಳಿವೆ. ನೂರಕ್ಕೆ ತೊಂಬತ್ತು ಪಾಲು ಚೆನ್ನಾಗಿ ಬರುತ್ತೆ ಅಂತ ಬಾಯಿಮಾತಿಗೆ ಹೇಳಬಹುದು, ಉಳಿದ ಹತ್ತರಲ್ಲೇ ಜೀವ ಹೋಗುವುದು. ಆಸ್ಕಿಯಲ್ಲಿ ಅಕ್ಷರ ಕಣ್ಣಿಗೆ ಕಾಣುವ ಸಾಲಿನಲ್ಲಿ ಇರುತ್ತೆ: "ಧರ್ಮ" ಬರೆಯಲು ಧ, ಮ, ಕೊನೆಗೆ ಅರ್ಕಾವತ್ತು. ಯುನಿಕೋಡಿನಲ್ಲಿ ಉಚ್ಚಾರದ ಸಾಲು, ರ ಮೊದಲು ಬರಬೇಕು, ಮ ಆಮೇಲೆ. "ಪತ್ತಿ" ಅಂದರೆ ಅಲ್ಲಿ ಗುಣಿತ ಹಚ್ಚಿದ ತಿ ಮೊದಲು, ತ-ಒತ್ತು ಆಮೇಲೆ. ಇಲ್ಲಿ ಉಲ್ಟಾ. ಕನ್ವರ್ಟರ್ ಇದನ್ನೆಲ್ಲ ಹಿಂದೆ ಮುಂದೆ ಮಾಡಬೇಕು, ಒಂದಕ್ಕೆ ಎರಡು ಒತ್ತು ಬಂದಲ್ಲಿ ಎಡವುತ್ತೆ. ಅದಕ್ಕಿಂತ ದೊಡ್ಡ ಕಾಟ ನಡುವೆ ಬರುವ ಇಂಗ್ಲಿಷ್. ಬರೀ ಅಕ್ಷರ ಕಾಪಿ ಮಾಡಿ ಹಾಕಿದಾಗ ಯಾವುದು ಕನ್ನಡ ಫಾಂಟ್, ಯಾವುದು ಇಂಗ್ಲಿಷ್ ಫಾಂಟ್ ಅನ್ನುವ ಗುರುತು ಅಳಿಸಿಹೋಗುತ್ತೆ. ವರನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿದ್ದ ಡಿಗ್ರಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂರುತ್ತೆ. ಲಗ್ನಪತ್ರಿಕೆಯಲ್ಲಿ ಹಾಗೆ ಅಚ್ಚಾದರೆ ಬೀಗರು ಬಿಡ್ತಾರಾ?

ಅದಕ್ಕೇ ಎಲ್ಲ ಹಳೆ ಫೈಲನ್ನೂ ಒಟ್ಟಿಗೆ ಪರಿವರ್ತಿಸುವ ಗೋಜಿಗೆ ಹೋಗಲಿಲ್ಲ. ಕಾಕಾರ ಜೊತೆ ಕೂತು ಒಂದು ನಿಯಮ ಮಾಡಿಕೊಂಡೆವು: ಹಳೆ ಗಿರಾಕಿ ಮತ್ತೆ ಬಂದಾಗ ಆ ಫೈಲನ್ನು ಮಾತ್ರ ಪರಿವರ್ತಿಸುವುದು, ತಿದ್ದುವುದು, ಯುನಿಕೋಡ್ ಫೋಲ್ಡರಿಗೆ ಹಾಕುವುದು. ಸೊಸೈಟಿ ವರದಿಗಳು ವರ್ಷ ವರ್ಷ ಅದೇ ಮ್ಯಾಟರ್, ಅವು ಮೊದಲು ಮುಗಿದವು. ಹಳೆ ಲಗ್ನಪತ್ರಿಕೆ ಯಾರಿಗೆ ಬೇಕು, ಅವು ಇದ್ದಲ್ಲೇ ಇರಲಿ. ಪೇಜ್‌ಮೇಕರ್ ಇರುವ ಆ ವಿಂಡೋಸ್ ಯಂತ್ರಕ್ಕೆ ಇಂಟರ್ನೆಟ್ ಪೂರ್ತಿ ಬಂದ್ ಮಾಡಿದೆ. ಕೇಬಲ್ ಕಿತ್ತೆ, ವೈಫೈ ಡಾಂಗಲ್ ತೆಗೆದು ಕಾಕಾರ ಡ್ರಾವರಿಗೆ ಹಾಕಿದೆ. ಕೋರಲ್‌ಡ್ರಾ, ಟ್ಯಾಲಿ ಕೂಡ ಅದರಲ್ಲೇ ಇವೆ, ಅವೆರಡಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ನಿಮ್ಮ ಕೆಲಸವೆಲ್ಲ ಬರೀ ಟ್ಯಾಲಿಯಲ್ಲೇ ಇದ್ದರೆ ಅಥವಾ ಆಧಾರ್ ಬೆರಳಚ್ಚಿನ ಡಿವೈಸ್ ಹಚ್ಚಿ ಸೆಂಟರ್ ನಡೆಸುತ್ತಿದ್ದರೆ ನಾನು ಲಿನಕ್ಸ್ ಹಾಕಿ ಅನ್ನುವುದಿಲ್ಲ, ಸುಮ್ನೆ ತ್ರಾಸು.

ನನಗೆ ಹೆಚ್ಚು ಅಂಜಿಕೆ ಇದ್ದದ್ದು ಟೈಪಿಂಗ್ ಮಾಡುವ ಅಕ್ಕಾರ ಬಗ್ಗೆ. ಅವರ ಬೆರಳು ನುಡಿ ಕೀಲಿಮಣೆಗೆ ಎಷ್ಟು ಒಗ್ಗಿದೆ ಅಂದರೆ ಕೀಲಿ ಮೇಲಿನ ಅಕ್ಷರ ಅಳಿಸಿಹೋಗಿರುವುದು ಅವರಿಗೆ ಗೊತ್ತೇ ಇಲ್ಲ. ಮಿಂಟ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್ ಹಾಕಿ, ಅದಕ್ಕೆ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಒಂದು ಸಿಗುತ್ತೆ, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಅಂದರೆ ನುಡಿಯದೇ. ಎಫ್ ಒತ್ತಿದರೆ ಒತ್ತಕ್ಷರ, ಎಲ್ಲ ಹಾಗೇ. ಅಕ್ಕಾರು ಒಂದು ಸಾಲು ಹೊಡೆದು, ತಿರುಗಿ ನನ್ನ ನೋಡಿ, "ಇದು ನುಡಿನ ಐತಲ್ರೀ, ಏನ್ ಬದಲ ಮಾಡೀರಿ?" ಅಂದರು. "ಸಾಫ್ಟ್‌ವೇರ್" ಅಂತ ಬರೆಯುವಾಗ ವ ಒತ್ತಾಗಿ ಕೆಳಗೆ ಇಳಿಯದ ಹಾಗೆ ನಡುವೆ ಕಾಣದ ಅಕ್ಷರ ಒಂದನ್ನು ಹಾಕಬೇಕು, ಅದನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ.

ಬಿಲ್ ಬುಕ್, ವರದಿ, ಕರಪತ್ರ ಈಗ ಲಿಬ್ರೆಆಫೀಸ್ ಮತ್ತು ಪುಟ ಜೋಡಿಸುವ ಪುಕ್ಕಟೆ ಸಾಫ್ಟ್‌ವೇರ್ ಸ್ಕ್ರೈಬಸ್‌ನಲ್ಲಿ ಆಗುತ್ತವೆ. ಸ್ಕ್ರೈಬಸ್ 1.6ರಲ್ಲಿ ಕನ್ನಡದ ಒತ್ತುಗಳು ಸರಿ ಕೂರುತ್ತವೆ. ಫಾಂಟಿಗೆ ನೋಟೋ, ಗುಬ್ಬಿ, ನವಿಲು ಇವೆ. ಆದರೆ ಲಗ್ನಪತ್ರಿಕೆಗೆ ಬೇಕಾದ ಬಳುಕುವ, ದಪ್ಪನೆಯ ಅಲಂಕಾರದ ಫಾಂಟುಗಳು ಯುನಿಕೋಡಿನಲ್ಲಿ ಇನ್ನೂ ಸಾಲದು. ನಮ್ಮ ಪ್ರೆಸ್ಸುಗಳು ಆಸ್ಕಿ ಬಿಡದಿರಲು ಇದೊಂದು ದೊಡ್ಡ ಕಾರಣ, ಟಿಪಿಎಂ ಬಗ್ಗೆ ಮಾತಾಡುವವರು ಇದನ್ನು ಎತ್ತುವುದೇ ಇಲ್ಲ.

ನಿರೀಕ್ಷೆ ಮಾಡದೆ ಸಿಕ್ಕ ಲಾಭ ಒಂದಿದೆ. ಗಿರಾಕಿಗಳು ತರುವ ಪೆನ್‌ಡ್ರೈವ್. ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ಆ ವೈರಸ್ ನೋಡದ ಝೆರಾಕ್ಸ್ ಅಂಗಡಿಯವರು ನಮ್ಮ ಭಾಗದಲ್ಲಿ ಇಲ್ಲ. ಮಿಂಟ್‌ನಲ್ಲಿ ಹಾಕಿದರೆ ವೈರಸ್ ಮುಚ್ಚಿಟ್ಟ ನಿಜವಾದ ಫೋಲ್ಡರ್ ಅಲ್ಲೇ ಕಾಣುತ್ತೆ, ಶಾರ್ಟ್‌ಕಟ್ ಸುಮ್ನೆ ಸತ್ತು ಬಿದ್ದಿರುತ್ತೆ. ಈಗ ಯಾರ ಪೆನ್‌ಡ್ರೈವ್ ಬಂದರೂ ಮೊದಲು ಮಿಂಟ್ ಯಂತ್ರಕ್ಕೆ, ಬೇಕಾದ ಪಿಡಿಎಫ್ ಮಾತ್ರ ಪ್ರೆಸ್ಸಿನ ಸ್ವಂತ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಯಂತ್ರಕ್ಕೆ, ಅಲ್ಲಿಂದ ಪ್ರಿಂಟರಿಗೆ.

ಬಗೆಹರಿಯದೆ ಉಳಿದಿರುವುದು ಹೊರಗಿನವರ ಜೊತೆಗಿನ ವ್ಯವಹಾರ. ಪ್ರೆಸ್ಸಿನಿಂದ ಜಾಹೀರಾತಿನ ಮ್ಯಾಟರ್ ಬೇರೆ ಊರಿನ ಡಿಟಿಪಿಯವರಿಗೆ ಹೋಗುತ್ತೆ. ಯುನಿಕೋಡಿನಲ್ಲಿ ಕಳಿಸಿದರೆ ಅರ್ಧ ಗಂಟೆಯಲ್ಲಿ ಫೋನ್: "ಸರ್, ಪೇಜ್‌ಮೇಕರ್‌ನ್ಯಾಗ ಬರೇ ಪ್ರಶ್ನೆ ಚಿಹ್ನೆ ಬರಾಕತ್ತಾವ್ರೀ, ನುಡಿ ಒಳಗ ಕಳಿಸ್ರಿ." ಅಕ್ಕಾರು ಅದೇ ಕನ್ವರ್ಟರನ್ನು ಉಲ್ಟಾ ಓಡಿಸಿ, ಯುನಿಕೋಡನ್ನು ಮತ್ತೆ ಆಸ್ಕಿ ಮಾಡಿ ಕಳಿಸುತ್ತಾರೆ.