ಬಾಡಿಗೆಗೆ ಮನೆ ಕೊಡಲ್ಲ ಅಂದ್ರಾ? ಕ್ಯಾಲಿಫೋರ್ನಿಯಾದಲ್ಲಿ ದೂರು ಕೊಡುವುದು ಹೀಗೆ

ಬೆಳಿಗ್ಗೆ ಫೋನಿನಲ್ಲಿ ‘ಮನೆ ಖಾಲಿ ಇದೆ, ಬಂದು ನೋಡಿ’ ಅಂದವರು, ಮಧ್ಯಾಹ್ನ ಬಾಗಿಲಲ್ಲಿ ನಿಮ್ಮ ಮುಖ ನೋಡಿದ ಮೇಲೆ ‘ಅಯ್ಯೋ, ಈಗಷ್ಟೇ ಹೋಯ್ತು’ ಅನ್ನುತ್ತಾರೆ. ಸಂಜೆ ನೋಡಿದರೆ ಜಾಹೀರಾತು ಹಾಗೇ ಇದೆ. ಸಿಟ್ಟು ಬರುತ್ತೆ, ಅಲ್ವಾ? ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಕು, ಗಂಟೆ ಕಾಣುವಂತಿರಲಿ.

ಯಾರು ಮಾತಾಡಿದರು, ಏನು ಅಂದರು ಎನ್ನುವುದನ್ನು ಅದೇ ದಿನ ಬರೆದಿಡಿ. ವಾರ ಕಳೆದರೆ ಮಾತು ಮರೆತು ಬರೀ ಬೇಜಾರು ಉಳಿಯುತ್ತದೆ. ಆದರೆ ಗುಟ್ಟಾಗಿ ಫೋನ್ ರೆಕಾರ್ಡ್ ಮಾಡಬೇಡಿ. ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವುದು ಈ ರಾಜ್ಯದಲ್ಲಿ ಅಪರಾಧ. ‘ಮನೆ ಇನ್ನೂ ಖಾಲಿ ಇದೆಯಾ?’ ಎಂದು ಮೆಸೇಜ್ ಹಾಕಿ. ಉತ್ತರ ಬಂದರೆ ಅದೇ ದಾಖಲೆ.

ಆಮೇಲೆ, ಬೇಡ ಅಂದ ಕಾರಣ ಕಾನೂನು ನಿಷೇಧಿಸಿದ ಕಾರಣಗಳ ಪಟ್ಟಿಯಲ್ಲಿದೆಯಾ ನೋಡಿ. ಅಮೆರಿಕದ 1968ರ ಕೇಂದ್ರ ಕಾನೂನಿನಲ್ಲಿ ಜನಾಂಗ, ಮೈಬಣ್ಣ, ಧರ್ಮ, ಮೂಲ ದೇಶ ಇದ್ದವು. 1974ರಲ್ಲಿ ಲಿಂಗ, 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಸೇರಿದವು. ಕ್ಯಾಲಿಫೋರ್ನಿಯಾದ ಪಟ್ಟಿ ಇನ್ನೂ ಉದ್ದ: ಮದುವೆ ಆಗಿದೆಯೋ ಇಲ್ಲವೋ, ಲೈಂಗಿಕ ಒಲವು, ಆದಾಯದ ಮೂಲ, ಹೀಗೆ. ಇದೆಲ್ಲ ಸುಮ್ನೆ ಸಿಕ್ಕಿದ್ದಲ್ಲ. 1963ರಲ್ಲಿ ಶಾಸನಸಭೆ ತಂದ ಕಾನೂನನ್ನು 1964ರಲ್ಲಿ ಮತದಾರರೇ ಮಲಗಿಸಿದ್ದರು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎಬ್ಬಿಸಿತು. ಅಂದಹಾಗೆ, ಸಿಗರೇಟ್ ಸೇದುತ್ತೀರಿ ಅಂತ ಬೇಡ ಅಂದರೆ ಅದು ತಾರತಮ್ಯ ಅಲ್ಲ.

ಜಾಸ್ತಿ ಜನ ಎಡವುವುದು ಆದಾಯದ ಮೂಲದಲ್ಲಿ. 2020ರ ಜನವರಿಯಿಂದ ‘ಸೆಕ್ಷನ್ 8’ ವೋಚರ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಬಾಡಿಗೆ ನೆರವು ಕೂಡ ಆದಾಯದ ಲೆಕ್ಕಕ್ಕೆ ಬರುತ್ತದೆ. ‘ಸೆಕ್ಷನ್ 8 ಬೇಡ’ ಎಂದು ಜಾಹೀರಾತಿನಲ್ಲಿ ಹಾಕುವುದೇ ತಪ್ಪು. ಬಾಡಿಗೆ 2,400 ಡಾಲರ್, ಅದರಲ್ಲಿ ವೋಚರ್ 1,800 ಕೊಡುತ್ತದೆ ಅಂದುಕೊಳ್ಳಿ. ಬಾಡಿಗೆಯ ಮೂರು ಪಟ್ಟು ಸಂಬಳ ಇರಬೇಕು ಎಂದು ಓನರ್ ಕೇಳಿದರೆ, ಲೆಕ್ಕ ಹಿಡಿಯಬೇಕಾದದ್ದು ನಿಮ್ಮ ಪಾಲಿನ 600ಕ್ಕೆ. ಅಂದರೆ 1,800 ಸಾಕು, 7,200 ಅಲ್ಲ.

ಒಂದು ವಿನಾಯಿತಿ ಇದೆ: ಓನರ್ ತಾವೇ ವಾಸವಿರುವ ಮನೆಯಲ್ಲಿ ಒಬ್ಬರಿಗೆ ಮಾತ್ರ ಕೋಣೆ ಕೊಡುವುದು. ಆಗಲೂ ಜಾಹೀರಾತಿನಲ್ಲಿ ‘ಇಂಥವರು ಬೇಡ’ ಎಂದು ಬರೆಯುವಂತಿಲ್ಲ.

ಈಗ ದೂರು. ರಾಜ್ಯದ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್‌ಗೆ ಆನ್‌ಲೈನ್, ಫೋನ್ ಅಥವಾ ಅಂಚೆಯಲ್ಲಿ ಕೊಡಬಹುದು. ಶುಲ್ಕ ಇಲ್ಲ, ಲಾಯರ್ ಬೇಕೇಬೇಕು ಅಂತೇನಿಲ್ಲ. ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು. ಮೊದಲು ಫಾರ್ಮ್, ಆಮೇಲೆ ಅಧಿಕಾರಿಯ ಜೊತೆ ಮಾತು. ನೀವು ಬರೆದಿಟ್ಟ ಚೀಟಿ ಕೆಲಸಕ್ಕೆ ಬರುವುದು ಇಲ್ಲಿ. ವಿಷಯ ಕಾನೂನಿನೊಳಗೆ ಬಂದರೆ ಅವರೇ ದೂರು ಸಿದ್ಧಮಾಡುತ್ತಾರೆ, ನೀವು ಸಹಿ ಹಾಕುತ್ತೀರಿ. ದೂರಿನ ಒಂದು ಪ್ರತಿ ಓನರ್‌ಗೆ ಹೋಗುತ್ತದೆ, ತನಿಖೆ ನಡೆಯುತ್ತದೆ, ರಾಜಿಗೂ ಅವಕಾಶ ಇದೆ. ನೇರವಾಗಿ ಕೋರ್ಟಿಗೆ ಹೋಗುವುದಾದರೆ ಎರಡು ವರ್ಷ ಟೈಮ್ ಇದೆ.

ನೀವು ಈಗಾಗಲೇ ಅದೇ ಓನರ್ ಮನೆಯಲ್ಲಿದ್ದು, ದೂರು ಕೊಟ್ಟಿದ್ದಕ್ಕೆ ‘ಮನೆ ಖಾಲಿ ಮಾಡಿ’ ಅಂತ ನೋಟಿಸ್ ಬಂತಾ? ಸೇಡಿನ ನೋಟಿಸ್ ಕೂಡ ಕಾನೂನುಬಾಹಿರ. ಅದನ್ನೂ ಫೋಟೋ ತೆಗೆದು ಅದೇ ಅಧಿಕಾರಿಗೆ ಕಳಿಸಿ.